ಕತ್ತರಿ ಕೈ ಬದಲಿಸಿದ ಕಥೆ

1954ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್‌ನ ಅಂಚೆ ಕಚೇರಿ ಪುಟ್ಟ ಪತ್ರಿಕೆಯೊಂದರ ಕಟ್ಟುಗಳನ್ನು ತಡೆಹಿಡಿಯಿತು. ಪತ್ರಿಕೆಯ ಹೆಸರು 'ವನ್'. ಸಲಿಂಗಿಗಳಿಗಾಗಿ ಸಲಿಂಗಿಗಳೇ ಹೊರತರುತ್ತಿದ್ದ ಆ ಮಾಸಿಕಕ್ಕೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಏನನ್ನು ಅಚ್ಚು ಹಾಕಬಾರದು, ಏನನ್ನು ಅಂಚೆಗೆ ಹಾಕಬಾರದು ಎಂದು ಕಾನೂನು ಹೇಳುತ್ತದೆ ಎಂಬುದೇ ಆ ಸಂಚಿಕೆಯ ಮುಖಪುಟ ಲೇಖನದ ವಿಷಯ. ಬರೆದವರು ಪತ್ರಿಕೆಯ ವಕೀಲ ಎರಿಕ್ ಜುಲ್ಬರ್. ಕಾನೂನಿನ ಗೆರೆ ಎಲ್ಲಿದೆ ಎಂದು ಓದುಗರಿಗೆ ತಿಳಿಸಿಕೊಡಲು ಹೊರಟ ಸಂಚಿಕೆಯೇ ಗೆರೆ ದಾಟಿದೆ ಎಂದು ಪೋಸ್ಟ್‌ಮಾಸ್ಟರ್ ಒಟ್ಟೊ ಓಲೆಸೆನ್ ತೀರ್ಮಾನಿಸಿದರು. ಸಂಚಿಕೆಯಲ್ಲಿದ್ದ ಒಂದು ಕಥೆ, ಒಂದು ಪದ್ಯ ಮತ್ತು ಸ್ವಿಟ್ಜರ್ಲೆಂಡಿನ ಪತ್ರಿಕೆಯೊಂದರ ಜಾಹೀರಾತು ಅಶ್ಲೀಲ ಎಂಬುದು ಅಂಚೆ ಇಲಾಖೆಯ ಆಕ್ಷೇಪ.

ಅಂಚೆಯವರ ಕೈಗೆ ಈ ಕತ್ತರಿ ಬಂದದ್ದು 1873ರಲ್ಲಿ. ನ್ಯೂಯಾರ್ಕಿನ ಕ್ರೈಸ್ತ ಯುವಜನ ಸಂಘ, ಅಂದರೆ ವೈಎಂಸಿಎ, ಬೆನ್ನಿಗೆ ನಿಂತಿದ್ದ ಆಂಟನಿ ಕಾಮ್‌ಸ್ಟಾಕ್ ಎಂಬ ಶ್ರದ್ಧಾವಂತ ಆ ವರ್ಷ ಅಮೆರಿಕದ ಸಂಸತ್ತಿನಿಂದ ಒಂದು ಕಾಯ್ದೆ ಮಾಡಿಸಿಕೊಂಡ. ಅಶ್ಲೀಲವೆನಿಸಿದ ಯಾವುದನ್ನೂ ಅಂಚೆಯಲ್ಲಿ ಕಳಿಸುವಂತಿಲ್ಲ ಎಂದಿತು ಆ ಕಾಯ್ದೆ. ಗರ್ಭನಿರೋಧದ ಕರಪತ್ರವೂ ಅದರಡಿ ಅಪರಾಧವೇ. ಕಾಮ್‌ಸ್ಟಾಕ್ ಸ್ವತಃ ಅಂಚೆ ಇಲಾಖೆಯ ವಿಶೇಷ ಅಧಿಕಾರಿಯಾಗಿ ದಶಕಗಳ ಕಾಲ ಮುದ್ರಕರ, ಪುಸ್ತಕ ವ್ಯಾಪಾರಿಗಳ ಬೆನ್ನು ಹತ್ತಿದ. ಪಾಪದಿಂದ ಯುವಜನರನ್ನು ಉಳಿಸುವುದು ಅವನ ಉದ್ದೇಶ. ಸರ್ಕಾರದ ಅಂಚೆಚೀಲ ಅವನಿಗೆ ಸಿಕ್ಕ ಸಾಧನ.

ಓಲೆಸೆನ್ ಅವರ ನಿರ್ಧಾರವನ್ನು ಜುಲ್ಬರ್ ಪ್ರಶ್ನಿಸಿದರು. ಅವರು ಆಗಷ್ಟೇ ವಕೀಲಿ ಶುರುಮಾಡಿದ್ದ ಯುವಕ; ಶುಲ್ಕ ಪಡೆಯದೆ ಮೊಕದ್ದಮೆ ನಡೆಸಿದರು. ಅಮೆರಿಕದ ಒಂದೊಂದು ರಾಜ್ಯದಲ್ಲೂ ಸಲಿಂಗ ಸಂಬಂಧ ಅಪರಾಧವಾಗಿದ್ದ ಕಾಲ ಅದು. ಸಲಿಂಗಿ ಎಂದು ಗೊತ್ತಾದರೆ ಸರ್ಕಾರಿ ನೌಕರಿ ಹೋಗುತ್ತಿತ್ತು. ಜಿಲ್ಲಾ ನ್ಯಾಯಾಲಯ ಪತ್ರಿಕೆಯ ವಾದವನ್ನು ತಳ್ಳಿಹಾಕಿತು. 1957ರ ಫೆಬ್ರವರಿಯಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯವೂ ತಳ್ಳಿಹಾಕಿತು. 1958ರ ಜನವರಿ 13ರಂದು ಸುಪ್ರೀಂ ಕೋರ್ಟ್ ಮೌಖಿಕ ವಾದವನ್ನೂ ಕೇಳದೆ ಚುಟುಕಾದ ಆದೇಶವೊಂದರಲ್ಲಿ ಕೆಳಗಿನ ತೀರ್ಪುಗಳನ್ನು ರದ್ದುಮಾಡಿತು. ಅಶ್ಲೀಲತೆಯ ಕುರಿತು ತಾನೇ ಹಿಂದಿನ ವರ್ಷ ಕೊಟ್ಟಿದ್ದ 'ರಾತ್' ತೀರ್ಪನ್ನು ಉಲ್ಲೇಖಿಸಿದ್ದು ಬಿಟ್ಟರೆ ಅದರಲ್ಲಿ ವಿವರಣೆ ಏನೂ ಇರಲಿಲ್ಲ. ಹಾಗಿದ್ದೂ ಪರಿಣಾಮ ದೊಡ್ಡದು. ಸಲಿಂಗಪ್ರೇಮದ ಬಗ್ಗೆ ಬರೆದ ಮಾತ್ರಕ್ಕೆ ಬರಹ ಅಶ್ಲೀಲವಾಗುವುದಿಲ್ಲ ಎಂಬುದು ದೇಶದ ಕಾನೂನಾಯಿತು. ಕೆಲವೇ ಸಾವಿರ ಪ್ರತಿಗಳ ಪತ್ರಿಕೆ ಮತ್ತೆ ಅಂಚೆ ಹತ್ತಿತು.

ಗೆಲುವಷ್ಟೇ ಅಲ್ಲ, ಗೆದ್ದ ರೀತಿಯೂ ಈ ಕಥೆಗೆ ಮುಖ್ಯ. ತಡೆದವರು ಯಾರು ಎಂಬುದು 'ವನ್' ಸಂಪಾದಕರಿಗೆ ಗೊತ್ತಿತ್ತು. ಯಾವ ಪುಟಕ್ಕೆ ಯಾವ ಆಕ್ಷೇಪ ಎಂಬುದೂ ಗೊತ್ತಿತ್ತು. ಪ್ರಶ್ನಿಸಲು ನ್ಯಾಯಾಲಯ ಇತ್ತು, ಎತ್ತಿಹಿಡಿಯಲು ವಾಕ್ ಸ್ವಾತಂತ್ರ್ಯವನ್ನು ಕಾಯುವ ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿ ಇತ್ತು. ಮುಂದಿನ ಅರ್ಧ ಶತಮಾನದಲ್ಲಿ ಮಾತು ಅಂಚೆಯಿಂದ ಇಂಟರ್‌ನೆಟ್‌ಗೆ ಬಂತು, ಕತ್ತರಿಯೂ ಅದರ ಹಿಂದೆಯೇ ಬಂತು. ಆದರೆ ಈ ನಾಲ್ಕು ಅನುಕೂಲಗಳು ಒಂದೊಂದಾಗಿ ಕಳಚಿಕೊಂಡವು. ಮೊದಲು ಸಲಿಂಗಿಗಳಿಗೆ, ಆಮೇಲೆ ಅವರನ್ನು ಪಾಪಿಗಳೆಂದು ಕರೆಯುತ್ತಿದ್ದ ಧರ್ಮಬೋಧಕರಿಗೆ.

ಪ್ರಾರ್ಥನೆಯಿಂದ ಶುರುವಾದ ಕಾಯ್ದೆ

1995ರ ಜೂನ್ 14. ನೆಬ್ರಾಸ್ಕದ ಸೆನೆಟರ್ ಜೇಮ್ಸ್ ಎಕ್ಸನ್ ಅಮೆರಿಕದ ಸೆನೆಟ್‌ನಲ್ಲಿ ತಮ್ಮ ಮಸೂದೆಯ ಪರ ಮಾತಾಡಲು ಎದ್ದರು. ಕಂಪ್ಯೂಟರ್ ಜಾಲದ ಮಾಲಿನ್ಯವನ್ನು ತಡೆಯುವ ದಾರಿಯನ್ನು ಸದಸ್ಯರಿಗೆ ತೋರಿಸು ಎಂದು ದೇವರಲ್ಲಿ ಬೇಡುವ ಪ್ರಾರ್ಥನೆಯೊಂದನ್ನು ಸೆನೆಟ್‌ನ ಧರ್ಮಗುರು ರಚಿಸಿದ್ದರು. ಎಕ್ಸನ್ ಅದನ್ನು ಓದಿದರು. ಇಂಟರ್‌ನೆಟ್‌ನಿಂದ ಇಳಿಸಿ ಮುದ್ರಿಸಿದ ಚಿತ್ರಗಳನ್ನು ನೀಲಿ ಕಡತವೊಂದರಲ್ಲಿ ತುಂಬಿ ಸಹೋದ್ಯೋಗಿಗಳ ಮುಂದಿಟ್ಟಿದ್ದರು. ಸೆನೆಟರ್‌ಗಳಲ್ಲಿ ಬಹುಪಾಲು ಜನ ಇಂಟರ್‌ನೆಟ್ ಬಳಸಿಯೇ ಇರದ ದಿನಗಳಲ್ಲಿ ಅಷ್ಟು ಸಾಕಾಯಿತು. 84–16 ಮತಗಳಿಂದ ಮಸೂದೆ ಪಾಸಾಯಿತು.

'ಸಂವಹನ ಸಭ್ಯತೆ ಕಾಯ್ದೆ' ಎಂದು ಅದರ ಹೆಸರು. ಹದಿನೆಂಟು ತುಂಬದವರ ಕಣ್ಣಿಗೆ ಬೀಳುವಂತೆ ಅಸಭ್ಯವಾದದ್ದನ್ನು ಇಂಟರ್‌ನೆಟ್‌ನಲ್ಲಿ ಹಾಕಿದವರಿಗೆ ಎರಡು ವರ್ಷದವರೆಗೆ ಜೈಲು. ಅಶ್ಲೀಲ ಯಾವುದು ಎಂಬುದಕ್ಕೆ ಕಾನೂನಿನಲ್ಲಿ ಆಗಲೇ ಒಂದು ಅಳತೆ ಇತ್ತು. ಅಸಭ್ಯ ಯಾವುದು ಎಂಬುದಕ್ಕೆ ಇರಲಿಲ್ಲ. ಏಡ್ಸ್ ತಡೆಯಲು ಕಾಂಡೋಮ್ ಹೇಗೆ ಬಳಸಬೇಕು ಎಂದು ಬರೆದರೆ ಅದು ಅಸಭ್ಯವೇ? 'ನಾನು ಹುಡುಗರನ್ನೇ ಇಷ್ಟಪಡುತ್ತೇನೆ, ನನಗೇನಾಗಿದೆ?' ಎಂದು ಹದಿನಾರರ ಹುಡುಗ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ ಅಸಭ್ಯವೇ? ನೆಬ್ರಾಸ್ಕದ ಯಾವುದೋ ಊರಿನ ಸರ್ಕಾರಿ ವಕೀಲನಿಗೆ ಹಾಗೆನ್ನಿಸಿದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕುಳಿತು ಬರೆದವನು ಜೈಲಿಗೆ ಹೋಗಬೇಕೇ?

ಇದು ಬರೀ ಊಹೆಯ ಭಯವಾಗಿರಲಿಲ್ಲ. 1995ರ ಡಿಸೆಂಬರ್ ಕೊನೆಯಲ್ಲಿ ಜರ್ಮನಿಯ ಬವೇರಿಯಾದ ತನಿಖಾಧಿಕಾರಿಗಳ ಒತ್ತಡಕ್ಕೆ ಮಣಿದು ಕಂಪ್ಯುಸರ್ವ್ ಕಂಪನಿ 200ಕ್ಕೂ ಹೆಚ್ಚು ಚರ್ಚಾ ಗುಂಪುಗಳನ್ನು ಜಗತ್ತಿನಾದ್ಯಂತ ಮುಚ್ಚಿತ್ತು. ಅವುಗಳಲ್ಲಿ ಸುದ್ದಿಸಂಸ್ಥೆಗಳು ಸಲಿಂಗಿಗಳ ಬಗ್ಗೆ ಬರೆದ ವರದಿಗಳನ್ನು ಒಟ್ಟುಹಾಕುತ್ತಿದ್ದ ಗುಂಪೂ ಇತ್ತು. ಒಂದು ಊರಿನ ಪೊಲೀಸರ ಅಳುಕು ಇಡೀ ಜಗತ್ತಿನ ಓದುಗರ ಬಾಗಿಲು ಮುಚ್ಚಬಲ್ಲದು ಎಂದು ಜನ ಮೊದಲ ಸಲ ಕಂಡರು.

1996ರ ಫೆಬ್ರವರಿ 8ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಕಾಯ್ದೆಗೆ ಸಹಿ ಹಾಕಿದರು, ಅದೂ ಅಮೆರಿಕದ ಅತಿದೊಡ್ಡ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕುಳಿತು. ಅದೇ ದಿನ ಅಮೆರಿಕದ ನಾಗರಿಕ ಸ್ವಾತಂತ್ರ್ಯ ಒಕ್ಕೂಟ (ಎಸಿಎಲ್‌ಯು) ಫಿಲಡೆಲ್ಫಿಯಾದ ನ್ಯಾಯಾಲಯದ ಮೆಟ್ಟಿಲೇರಿತು. ಅದರ ಜೊತೆಗೆ ನಿಂತ ಫಿರ್ಯಾದಿಗಳಲ್ಲಿ ಕಿಯೋಷಿ ಕುರೊಮಿಯಾ ಅವರ 'ಕ್ರಿಟಿಕಲ್ ಪಾತ್' ಎಂಬ ಏಡ್ಸ್ ಮಾಹಿತಿ ಸಂಸ್ಥೆಯೂ ಒಂದು.

ಕುರೊಮಿಯಾ ಬದುಕೇ ಸರ್ಕಾರದ ಅನುಮಾನದ ಬೇಲಿಯೊಳಗೆ ಶುರುವಾದದ್ದು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ್ದ ವಯೋಮಿಂಗ್‌ನ ಹಾರ್ಟ್ ಮೌಂಟನ್ ಶಿಬಿರದಲ್ಲಿ 1943ರಲ್ಲಿ ಅವರು ಹುಟ್ಟಿದರು. ಬೆಳೆದಮೇಲೆ ಕರಿಯರ ಹಕ್ಕಿನ ಹೋರಾಟದಲ್ಲಿ ನಡೆದರು, ಫಿಲಡೆಲ್ಫಿಯಾದಲ್ಲಿ ಸಲಿಂಗಿಗಳ ವಿಮೋಚನಾ ಸಂಘಟನೆ ಕಟ್ಟಿದವರಲ್ಲಿ ಒಬ್ಬರಾದರು. ತಮಗೇ ಏಡ್ಸ್ ಇದೆ ಎಂದು ತಿಳಿದ ಬಳಿಕ ಅದರ ಚಿಕಿತ್ಸೆಯ ಮಾಹಿತಿಯನ್ನು ಕಾಯಿಲೆಯವರಿಗೆ ತಲುಪಿಸುವ ಕೆಲಸಕ್ಕೆ ಇಳಿದರು. ಪತ್ರಿಕೆ ತಂದರು; ಇಂಟರ್‌ನೆಟ್ ಬಂದ ಕೂಡಲೇ ಕಾಸಿಲ್ಲದ ರೋಗಿಗಳಿಗೆ ಉಚಿತ ಸಂಪರ್ಕವನ್ನೂ ಕೊಟ್ಟರು. ಅಲ್ಲಿ ಲೈಂಗಿಕತೆಯ ಮಾತನ್ನು ಬಿಡಿಸಿ ಹೇಳದೆ ವಿಧಿಯಿರಲಿಲ್ಲ. ಹೊಸ ಕಾಯ್ದೆಯ ಪ್ರಕಾರ ಅವರು ಅಪರಾಧಿ ಹೌದೋ ಅಲ್ಲವೋ ಹೇಳಬಲ್ಲವರು ಯಾರೂ ಇರಲಿಲ್ಲ.

ಫಿಲಡೆಲ್ಫಿಯಾದ ಮೂವರು ನ್ಯಾಯಾಧೀಶರ ಪೀಠ 1996ರ ಜೂನ್‌ನಲ್ಲಿ ಕಾಯ್ದೆಗೆ ತಡೆ ಕೊಟ್ಟಿತು. 1997ರ ಜೂನ್ 26ರಂದು ಸುಪ್ರೀಂ ಕೋರ್ಟ್ 'ರೆನೊ ವಿರುದ್ಧ ಎಸಿಎಲ್‌ಯು' ಪ್ರಕರಣದಲ್ಲಿ ಆ ತಡೆಯನ್ನು ಎತ್ತಿಹಿಡಿಯಿತು. ಪ್ರಧಾನ ತೀರ್ಪು ಬರೆದವರು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್. ಮಕ್ಕಳನ್ನು ಕಾಪಾಡುವ ಹೆಸರಿನಲ್ಲಿ ದೊಡ್ಡವರು ಆಡಲೂ ಕೇಳಲೂ ಹಕ್ಕುಳ್ಳ ಮಾತನ್ನು ಅಳಿಸಿಹಾಕುವಂತಿಲ್ಲ, ಇಂಟರ್‌ನೆಟ್‌ಗೆ ಮುದ್ರಿತ ಪುಸ್ತಕಕ್ಕೆ ಇರುವಷ್ಟೇ ಸ್ವಾತಂತ್ರ್ಯ ಉಂಟು ಎಂಬುದು ಅದರ ಸಾರ. ಎಕ್ಸನ್ ಅವರ ಕಾಯ್ದೆಯ ತಿರುಳು ಬಿದ್ದುಹೋಯಿತು.

ಆದರೆ ಈ ಗೆಲುವಿನ ಒಳಗೆ ಎರಡು ಬೀಜಗಳು ಉಳಿದುಕೊಂಡವು. ಮೊದಲನೆಯದು ವಾದದಲ್ಲೇ ಇತ್ತು. 'ಕಾಯ್ದೆ ಬೇಡವಾದರೆ ಮಕ್ಕಳನ್ನು ಕಾಪಾಡುವುದು ಹೇಗೆ?' ಎಂಬ ಪ್ರಶ್ನೆಗೆ ಸ್ವಾತಂತ್ರ್ಯದ ಪರ ನಿಂತವರು ಕೊಟ್ಟ ಉತ್ತರ: ಫಿಲ್ಟರ್. ಮನೆಯ ಕಂಪ್ಯೂಟರಿಗೆ ತಂದೆತಾಯಿಯರೇ ಹಾಕಿಕೊಳ್ಳುವ ತಂತ್ರಾಂಶ ಇದೆ, ಅದು ಕೆಟ್ಟದ್ದನ್ನು ತಡೆಯುತ್ತದೆ, ಪೊಲೀಸರು ಯಾಕೆ ಬೇಕು? ಸರ್ಫ್‌ವಾಚ್ ಎಂಬ ಫಿಲ್ಟರ್ ಕಂಪನಿಯ ಮುಖ್ಯಸ್ಥೆಯನ್ನು ಫಿಲಡೆಲ್ಫಿಯಾದ ಕಟಕಟೆಗೆ ಸಾಕ್ಷಿಯಾಗಿ ಕರೆಸಿದವರೂ ಅವರೇ. ಎರಡನೆಯ ಬೀಜ ಕಾಯ್ದೆಯಲ್ಲೇ ಇತ್ತು. ಸಂಸದರಾದ ಕ್ರಿಸ್ ಕಾಕ್ಸ್ ಮತ್ತು ರಾನ್ ವೈಡನ್ ಸೇರಿಸಿದ್ದ ಸೆಕ್ಷನ್ 230ನ್ನು ನ್ಯಾಯಾಲಯ ಮುಟ್ಟಲಿಲ್ಲ, ಅದನ್ನು ಯಾರೂ ಪ್ರಶ್ನಿಸಿಯೂ ಇರಲಿಲ್ಲ. ಬಳಕೆದಾರ ಬರೆದದ್ದಕ್ಕೆ ಕಂಪನಿ ಹೊಣೆಯಲ್ಲ ಎಂದಿತು ಆ ಸೆಕ್ಷನ್. ಆಕ್ಷೇಪಾರ್ಹ ಎಂದು ತನಗೆ ಅನ್ನಿಸಿದ್ದನ್ನು ಕಂಪನಿ ಒಳ್ಳೆಯ ಉದ್ದೇಶದಿಂದ ತೆಗೆದುಹಾಕಿದರೆ ಅದಕ್ಕೂ ಹೊಣೆಯಲ್ಲ ಎಂದಿತು. ಸರ್ಕಾರದ ಕೈಯಿಂದ ಜಾರಿದ ಕತ್ತರಿ ನೆಲಕ್ಕೆ ಬೀಳಲಿಲ್ಲ.

ಪಟ್ಟಿ ಮಾಡುವವರು

ಫಿಲ್ಟರ್‌ಗಳು ಏನನ್ನು ತಡೆಯುತ್ತಿದ್ದವು ಎಂಬುದು ಕೊಂಡವರಿಗೂ ಗೊತ್ತಿರುತ್ತಿರಲಿಲ್ಲ. ಪಟ್ಟಿ ವ್ಯಾಪಾರದ ಗುಟ್ಟು. 1996ರ ಜುಲೈನಲ್ಲಿ ಬ್ರಾಕ್ ಮೀಕ್ಸ್ ಮತ್ತು ಡೆಕ್ಲಾನ್ ಮೆಕಲ್ಲಾ ಎಂಬ ಪತ್ರಕರ್ತರು ಆ ಪಟ್ಟಿಗಳಲ್ಲಿ ಕೆಲವನ್ನು ಹೊರಗೆ ತಂದಾಗ ಬಣ್ಣ ಬಯಲಾಯಿತು. ನಗ್ನಚಿತ್ರಗಳ ಜೊತೆಗೆ ಮಹಿಳಾ ಸಂಘಟನೆಗಳ, ಸಲಿಂಗಿಗಳ ಹಕ್ಕಿನ ಬಗ್ಗೆ ಬರೆಯುವವರ ತಾಣಗಳೂ ಅಲ್ಲಿದ್ದವು. ಧಾರ್ಮಿಕ ಕುಟುಂಬಗಳ ನಡುವೆ ಹೆಸರಾಗಿದ್ದ ಸೈಬರ್‌ಸಿಟರ್ ಎಂಬ ಫಿಲ್ಟರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು: ತನಗೊಪ್ಪದ ಪದವನ್ನು ಸದ್ದಿಲ್ಲದೆ ಅಳಿಸಿ ಉಳಿದ ವಾಕ್ಯವನ್ನು ಹಾಗೇ ತೋರಿಸುತ್ತಿತ್ತು. 'ಅಧ್ಯಕ್ಷ ಕ್ಲಿಂಟನ್ ಸಲಿಂಗ ಮದುವೆಯನ್ನು ವಿರೋಧಿಸುತ್ತಾರೆ' ಎಂಬ ಸುದ್ದಿ ಅದರ ಮೂಲಕ ಹಾದು ಬಂದಾಗ 'ಅಧ್ಯಕ್ಷ ಕ್ಲಿಂಟನ್ ಮದುವೆಯನ್ನು ವಿರೋಧಿಸುತ್ತಾರೆ' ಎಂದಾಗಿತ್ತು. ನಕ್ಕು ಮರೆಯಬಹುದಾದ ಎಡವಟ್ಟು. ಆದರೆ ತನ್ನಂಥವರು ಇನ್ನೆಲ್ಲಾದರೂ ಇದ್ದಾರೆಯೇ ಎಂದು ಹುಡುಕುತ್ತಿದ್ದ ಸಣ್ಣ ಊರಿನ ಹುಡುಗನಿಗೋ ಹುಡುಗಿಗೋ ಅದೇ ಎಡವಟ್ಟು ಇಡೀ ಲೋಕವನ್ನೇ ಅಳಿಸುತ್ತಿತ್ತು. ಸಲಿಂಗಿಗಳ ಚಿತ್ರಣದ ಮೇಲೆ ಕಣ್ಣಿಟ್ಟಿದ್ದ ಗ್ಲಾಡ್ ಸಂಸ್ಥೆ 1997ರ ಡಿಸೆಂಬರ್‌ನಲ್ಲಿ ಇದನ್ನೇ ದಾಖಲಿಸಿ ವರದಿ ತಂದಿತು. ಫಿಲ್ಟರನ್ನು ನ್ಯಾಯಾಲಯಕ್ಕೆ ಪರಿಚಯಿಸಿದ್ದ ಎಸಿಎಲ್‌ಯು ಕೂಡ ಗೆದ್ದ ಎರಡೇ ತಿಂಗಳಿಗೆ ಅದರ ಅಪಾಯದ ಬಗ್ಗೆ ಎಚ್ಚರಿಕೆಯ ಪ್ರಬಂಧ ಪ್ರಕಟಿಸಬೇಕಾಯಿತು.

ಅಷ್ಟರಲ್ಲಿ ಇನ್ನೊಂದು ಕಡೆಯಿಂದಲೂ ಕೂಗು ಎದ್ದಿತು. ಮಿಸಿಸಿಪಿಯ ಟ್ಯುಪೆಲೊ ಎಂಬ ಊರಿನ ಅಮೆರಿಕನ್ ಫ್ಯಾಮಿಲಿ ಅಸೋಸಿಯೇಷನ್ ಮೆಥಡಿಸ್ಟ್ ಪಾದ್ರಿ ಡೊನಾಲ್ಡ್ ವೈಲ್ಡ್‌ಮನ್ 1977ರಲ್ಲಿ ಶುರುಮಾಡಿದ ಸಂಘಟನೆ. ಟೀವಿ ಕಾರ್ಯಕ್ರಮಗಳ ಜಾಹೀರಾತುದಾರರಿಗೆ ಬಹಿಷ್ಕಾರದ ಬಿಸಿ ಮುಟ್ಟಿಸುವುದರಲ್ಲಿ ಅದು ಎತ್ತಿದ ಕೈ. ಸಲಿಂಗಪ್ರೇಮ ಬೈಬಲ್ ಪ್ರಕಾರ ಪಾಪ ಎಂದು ಅದರ ತಾಣ ಬಿಡುಬೀಸಾಗಿ ಬರೆಯುತ್ತಿತ್ತು. 1998ರಲ್ಲಿ ಸೈಬರ್ ಪ್ಯಾಟ್ರೋಲ್ ಎಂಬ ದೊಡ್ಡ ಫಿಲ್ಟರ್ ಆ ತಾಣವನ್ನೇ ತನ್ನ ತಡೆಪಟ್ಟಿಗೆ ಸೇರಿಸಿತು. ಜನಾಂಗ, ಧರ್ಮ, ಲೈಂಗಿಕತೆಯ ಆಧಾರದ ಮೇಲೆ ಪೂರ್ವಗ್ರಹ ಬಿತ್ತುವ ತಾಣಗಳಿಗೆ ಅಲ್ಲಿ 'ಅಸಹನೆ' ಎಂಬ ವಿಭಾಗವಿತ್ತು. ಅಸೋಸಿಯೇಷನ್ ಹೋಗಿ ಅದರಲ್ಲಿ ಕುಳಿತಿತು. ಮೇಲ್ಮನವಿ ಸಲ್ಲಿಸಿದರೂ ಫಲವಾಗಲಿಲ್ಲ. ಪಟ್ಟಿಯನ್ನು ಪರಿಶೀಲಿಸುತ್ತಿದ್ದ ಸಲಹಾ ಸಮಿತಿಯಲ್ಲಿ ಗ್ಲಾಡ್‌ನ ಪ್ರತಿನಿಧಿಯೂ ಇದ್ದದ್ದು ಅಸೋಸಿಯೇಷನ್‌ನವರ ಸಿಟ್ಟಿಗೆ ತುಪ್ಪ ಸುರಿಯಿತು. ತಮ್ಮದು ಧರ್ಮದ ಮಾತು, ದ್ವೇಷದ ಮಾತಲ್ಲ ಎಂದರು ಅವರು. ಆ ವಾದಕ್ಕೆ ತೂಕವಿತ್ತು. ಆದರೆ ಅದನ್ನು ಯಾರ ಮುಂದೆ ಇಡಬೇಕು? ಕಂಪನಿಗೆ ಮೊದಲ ತಿದ್ದುಪಡಿ ಅನ್ವಯಿಸುವುದಿಲ್ಲ. ಅದು ಕಟ್ಟಿಹಾಕುವುದು ಸರ್ಕಾರವನ್ನು ಮಾತ್ರ.

ಹೀಗೆ ಪೆಟ್ಟು ತಿಂದ ಅಸೋಸಿಯೇಷನ್ ಫಿಲ್ಟರ್‌ಗಳ ಪರವಾದ ಹೋರಾಟವನ್ನೇನೂ ಕೈಬಿಡಲಿಲ್ಲ. 2000ದ ಫೆಬ್ರವರಿಯಲ್ಲಿ ಮಿಷಿಗನ್‌ನ ಹಾಲೆಂಡ್ ಪಟ್ಟಣದ ಗ್ರಂಥಾಲಯಕ್ಕೆ ಫಿಲ್ಟರ್ ಹಾಕಿಸಲು ಜನಮತಗಣನೆಗೆ ಹಣ ಸುರಿಯಿತು. ಚರ್ಚುಗಳೇ ತುಂಬಿದ್ದ ಆ ಪಟ್ಟಣದ ಮತದಾರರು ಬೇಡ ಎಂದರು.

ಅದೇ ವರ್ಷ ಪೀಸ್‌ಫೈರ್ ಎಂಬ ಗುಂಪಿನ ಬೆನೆಟ್ ಹೇಸಲ್‌ಟನ್ ಒಂದು ಚುರುಕಾದ ಪರೀಕ್ಷೆ ಮಾಡಿದರು. ಫೋಕಸ್ ಆನ್ ದ ಫ್ಯಾಮಿಲಿ, ಫ್ಯಾಮಿಲಿ ರಿಸರ್ಚ್ ಕೌನ್ಸಿಲ್ ಮೊದಲಾದ ಪ್ರಭಾವಿ ಧಾರ್ಮಿಕ ಸಂಘಟನೆಗಳ ತಾಣಗಳಿಂದ ಸಲಿಂಗಿಗಳ ವಿರುದ್ಧದ ಮಾತುಗಳನ್ನು ಎತ್ತಿ, ಪುಕ್ಕಟೆ ಸಿಗುವ ಖಾಸಗಿ ಪುಟಗಳಲ್ಲಿ ಅಂಟಿಸಿದರು. ಮೂಲ ಯಾವುದೆಂದು ಬರೆಯಲಿಲ್ಲ. ಆಮೇಲೆ ಹೆಸರು ಮರೆಸಿ ಫಿಲ್ಟರ್ ಕಂಪನಿಗಳಿಗೆ ದೂರು ಕೊಟ್ಟರು: ನೋಡಿ, ಈ ಪುಟಗಳು ದ್ವೇಷ ಬಿತ್ತುತ್ತಿವೆ. ಕಂಪನಿಗಳು ಒಪ್ಪಿ ತಡೆದವು. ಆಗ ಹೇಸಲ್‌ಟನ್ ಗುಟ್ಟು ಬಿಟ್ಟುಕೊಟ್ಟರು. ಇವೇ ಮಾತುಗಳಿರುವ ಮೂಲ ತಾಣಗಳನ್ನೂ ತಡೆಯುತ್ತೀರಾ ಎಂದು ಕೇಳಿದರು. ಕಂಪನಿಗಳು ಅತ್ತ ತಿರುಗಿಯೂ ನೋಡಲಿಲ್ಲ. ಪಟ್ಟಿಗೆ ಸೇರಿಸುವಾಗ ಮಾತಿಗಿಂತ ಮಾತಾಡಿದವರ ತಾಕತ್ತು ಎಣಿಕೆಗೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಬಡಪಾಯಿಯ ಪುಟ ಹೋಯಿತು, ದೊಡ್ಡವರ ತಾಣ ಉಳಿಯಿತು.

ಸರ್ಕಾರದ ಕೈಯಲ್ಲಿದ್ದ ಫಿಲ್ಟರ್ ಬೇರೆ ಮಾತು. ವರ್ಜೀನಿಯಾದ ಲೌಡನ್ ಕೌಂಟಿ ತನ್ನ ಸಾರ್ವಜನಿಕ ಗ್ರಂಥಾಲಯಗಳಿಗೆ ಎಕ್ಸ್-ಸ್ಟಾಪ್ ಎಂಬ ಫಿಲ್ಟರ್ ಹಾಕಿದಾಗ ಓದುಗರು ನ್ಯಾಯಾಲಯಕ್ಕೆ ಹೋದರು. ತಡೆಗೆ ಒಳಗಾದ ತಾಣಗಳವರೂ ಜೊತೆಗೂಡಿದರು. ಸಲಿಂಗಿ ಹದಿಹರೆಯದವರಿಗೆ ಓದಲು ತಕ್ಕ ಪುಸ್ತಕಗಳ ಪಟ್ಟಿ ಇಟ್ಟುಕೊಂಡಿದ್ದ ಯುವಕನೂ ಅವರಲ್ಲಿದ್ದ. 1998ರ ನವೆಂಬರ್‌ನಲ್ಲಿ ನ್ಯಾಯಾಧೀಶೆ ಲಿಯೋನಿ ಬ್ರಿಂಕಮಾ ಗ್ರಂಥಾಲಯದ ಫಿಲ್ಟರನ್ನು ಕಿತ್ತುಹಾಕಿಸಿದರು. ಅವರು ವಕೀಲಿಗೆ ಬರುವ ಮುಂಚೆ ಗ್ರಂಥಪಾಲಕಿಯಾಗಿದ್ದವರು. 2000ದ ಡಿಸೆಂಬರ್‌ನಲ್ಲಿ ಸಂಸತ್ತು ಮತ್ತೆ ಕಾಯ್ದೆ ತಂದು, ಸರ್ಕಾರದ ಇಂಟರ್‌ನೆಟ್ ಅನುದಾನ ಬೇಕಾದರೆ ಶಾಲೆ, ಗ್ರಂಥಾಲಯಗಳು ಫಿಲ್ಟರ್ ಹಾಕಲೇಬೇಕು ಎಂದಿತು. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ವಯಸ್ಕ ಓದುಗ ಕೇಳಿಕೊಂಡರೆ ಗ್ರಂಥಪಾಲಕರು ತಡೆ ತೆಗೆಯಬಹುದು ಎಂಬುದು ಒಪ್ಪಿಗೆಯ ಒಂದು ಆಧಾರ. ಸಲಿಂಗಿಗಳ ತಾಣ ನೋಡಬೇಕು, ತೆಗೆದುಕೊಡಿ ಎಂದು ಸಣ್ಣ ಊರಿನ ಕೌಂಟರಿನಲ್ಲಿ ಕೇಳುವ ಧೈರ್ಯ ಎಷ್ಟು ಜನಕ್ಕಿದ್ದೀತು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಅದಕ್ಕೆ ಒಂದು ಬಗೆಯ ಉತ್ತರ ಬಂದದ್ದು ಮಿಸೌರಿಯ ಕ್ಯಾಮ್‌ಡೆಂಟನ್ ಶಾಲಾ ಜಿಲ್ಲೆಯಲ್ಲಿ. ಅಲ್ಲಿನ ಶಾಲೆಗಳ ಫಿಲ್ಟರ್ ಸಲಿಂಗಿಗಳಿಗೆ ನೆರವಾಗುವ ತಾಣಗಳನ್ನು 'ಲೈಂಗಿಕತೆ' ವಿಭಾಗಕ್ಕೆ ಹಾಕಿ ಮುಚ್ಚುತ್ತಿತ್ತು. ಸಲಿಂಗಪ್ರೇಮವನ್ನು ಖಂಡಿಸುವ ತಾಣಗಳನ್ನು 'ಧರ್ಮ' ವಿಭಾಗಕ್ಕೆ ಹಾಕಿ ತೆರೆದಿಡುತ್ತಿತ್ತು. ಒಂದೇ ವಿಷಯದ ಎರಡು ಪಕ್ಷಗಳಲ್ಲಿ ಒಂದಕ್ಕೆ ಬಾಗಿಲು, ಒಂದಕ್ಕೆ ಬೀಗ. ಸಲಿಂಗಿಗಳ ಪೋಷಕರ ಸಂಘಟನೆ ಪಿಫ್ಲಾಗ್ ಮೊಕದ್ದಮೆ ಹೂಡಿತು. 2012ರ ಫೆಬ್ರವರಿಯಲ್ಲಿ ನ್ಯಾಯಾಧೀಶೆ ನ್ಯಾನೆಟ್ ಲಾಫ್ರಿ ಇದು ಅಭಿಪ್ರಾಯದ ಆಧಾರದ ಮೇಲೆ ಮಾಡಿದ ತಾರತಮ್ಯ ಎಂದು ತಡೆಯಾಜ್ಞೆ ಕೊಟ್ಟರು. ಶಾಲಾ ಜಿಲ್ಲೆ ರಾಜಿಗೆ ಬಂದು 1,25,000 ಡಾಲರ್ ವೆಚ್ಚ ತೆತ್ತಿತು. ಸರ್ಕಾರಿ ಶಾಲೆಯಾದ್ದರಿಂದ ಮಕ್ಕಳಿಗೆ ಸಂವಿಧಾನ ಕೈಗೆಟುಕಿತು. ಅದೇ ಪಟ್ಟಿಯನ್ನು ಖಾಸಗಿ ಕಂಪನಿಯೊಂದು ಬಳಸಿದ್ದರೆ ಎಟುಕುತ್ತಿರಲಿಲ್ಲ.

ಆ್ಯಪ್ ಅಂಗಡಿಯ ಬಾಗಿಲಲ್ಲಿ

2009ರ ನವೆಂಬರ್ 20ರಂದು ಕ್ಯಾಥೊಲಿಕ್, ಆರ್ಥೊಡಾಕ್ಸ್ ಮತ್ತು ಇವಾಂಜೆಲಿಕಲ್ ಮುಖಂಡರು ಸೇರಿ 'ಮ್ಯಾನ್‌ಹಟನ್ ಘೋಷಣೆ' ಹೊರಡಿಸಿದರು. ಗರ್ಭಪಾತವನ್ನೂ ಸಲಿಂಗ ಮದುವೆಯನ್ನೂ ತಾವು ಒಪ್ಪುವುದಿಲ್ಲ, ತಮ್ಮ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಬಿಟ್ಟುಕೊಡುವುದಿಲ್ಲ ಎಂಬುದು ಅದರ ಒಕ್ಕಣೆ. ಕರಡು ರೂಪಿಸಿದವರಲ್ಲಿ ಪ್ರಿನ್ಸ್‌ಟನ್‌ನ ಪ್ರಾಧ್ಯಾಪಕ ರಾಬರ್ಟ್ ಜಾರ್ಜ್ ಇದ್ದರು. ನಿಕ್ಸನ್ ಆಡಳಿತದಲ್ಲಿದ್ದು ವಾಟರ್‌ಗೇಟ್ ಕಾಲದಲ್ಲಿ ಜೈಲು ಕಂಡು ಆಮೇಲೆ ಧರ್ಮಪ್ರಚಾರಕರಾದ ಚಕ್ ಕೋಲ್ಸನ್ ಇದ್ದರು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. 2010ರ ಶರತ್ಕಾಲದಲ್ಲಿ ಇದರದೊಂದು ಐಫೋನ್ ಆ್ಯಪ್ ಬಂತು. ಯಾವ ಮಗುವೂ ನೋಡಬಹುದಾದದ್ದು ಎಂಬ ದರ್ಜೆ ಕೊಟ್ಟು ಆ್ಯಪಲ್ ಅದನ್ನು ಅಂಗಡಿಗೆ ಸೇರಿಸಿತು.

ಆ್ಯಪ್‌ನಲ್ಲಿ ನಾಲ್ಕು ಪ್ರಶ್ನೆಗಳ ಸಮೀಕ್ಷೆಯೊಂದಿತ್ತು. ಸಲಿಂಗ ಸಂಬಂಧವನ್ನು ಒಪ್ಪುವ ಉತ್ತರ ಕೊಟ್ಟರೆ ಅದು ತಪ್ಪು ಎಂದು ತೋರಿಸುತ್ತಿತ್ತು. ಸುಮಾರು ಏಳು ಸಾವಿರ ಜನ ಆನ್‌ಲೈನ್ ಅರ್ಜಿಗೆ ಸಹಿ ಹಾಕಿ ಇದನ್ನು ತೆಗೆಯಿರಿ ಎಂದರು. ನವೆಂಬರ್ ಕೊನೆಯ ಹೊತ್ತಿಗೆ ಆ್ಯಪ್ ಮಾಯವಾಯಿತು. ದೊಡ್ಡ ಜನಸಮೂಹಗಳಿಗೆ ನೋವಾಗುವಂತಿದೆ, ಆದ್ದರಿಂದ ತಮ್ಮ ನಿಯಮಗಳಿಗೆ ವಿರುದ್ಧ ಎಂದಿತು ಆ್ಯಪಲ್. ಸಮೀಕ್ಷೆ ಕಿತ್ತುಹಾಕಿ ಮತ್ತೆ ಸಲ್ಲಿಸಿದರೂ ಒಳಗೆ ಬಿಡಲಿಲ್ಲ. ಮರುವರ್ಷ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ಸಂಘಟನೆಯ ಆ್ಯಪ್‌ಗೂ ಅದೇ ಗತಿ. ಪ್ರಾರ್ಥನೆ, ಆಪ್ತಸಲಹೆಗಳಿಂದ ಸಲಿಂಗಿಗಳು ಬದಲಾಗಬಹುದು ಎಂದು 1976ರಿಂದ ಸಾರುತ್ತ ಬಂದಿದ್ದ ಸಂಘಟನೆ ಅದು. ಈ ಬಾರಿ ವಿರೋಧದ ಅರ್ಜಿಗೆ ಬಿದ್ದ ಸಹಿಗಳು ಸುಮಾರು ಒಂದೂವರೆ ಲಕ್ಷ. 2011ರ ಮಾರ್ಚ್‌ನಲ್ಲಿ ಆ್ಯಪಲ್ ಅದನ್ನೂ ತೆಗೆದುಹಾಕಿತು.

ಎರಡು ಪ್ರಕರಣಗಳನ್ನು ಒಂದೇ ತಕ್ಕಡಿಯಲ್ಲಿ ಇಡಲಾಗದು. ಒಂದು ಧರ್ಮದ ನಿಲುವನ್ನು ಸಾರಿದ ಘೋಷಣೆ. ಇನ್ನೊಂದು ಹದಿಹರೆಯದವರ ಮನಸ್ಸಿಗೆ ಹಾನಿ ಮಾಡಬಲ್ಲ ಚಿಕಿತ್ಸೆಯ ಭರವಸೆ. ಎಕ್ಸೋಡಸ್‌ನ ಮುಖ್ಯಸ್ಥ ಆಲನ್ ಚೇಂಬರ್ಸ್ ತಾವೇ 2013ರ ಜೂನ್‌ನಲ್ಲಿ ಸಲಿಂಗಿಗಳ ಕ್ಷಮೆ ಕೇಳಿ ಸಂಘಟನೆಯ ಬಾಗಿಲು ಹಾಕಿದರು. ಸಹಿಗಳ ಎಣಿಕೆ ಮಾಡಲಾರದ ಕೆಲಸವನ್ನು ಎದುರಾಳಿಗಳ ಸಾಕ್ಷ್ಯ, ಒಳಗಿನವರ ಅನುಭವ, ಬಯಲಿನ ವಾದ ಮಾಡಿದ್ದವು. ಆದರೆ ಆ್ಯಪಲ್ ಈ ವ್ಯತ್ಯಾಸವನ್ನು ಹೇಗೆ ಅಳೆಯಿತು, ಅಳೆಯಿತೋ ಇಲ್ಲವೋ ಯಾರೂ ಅರಿಯರು.

2011ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಧಾರ್ಮಿಕ ಪ್ರಸಾರಕರ ಸಂಘ ಎನ್‌ಆರ್‌ಬಿ ಒಂದು ವರದಿ ಹೊರತಂದಿತು. ಆ್ಯಪಲ್, ಗೂಗಲ್, ಫೇಸ್‌ಬುಕ್ ಮೊದಲಾದವುಗಳ ನಿಯಮಗಳನ್ನು ಜಾಲಾಡಿ, ಅವು ಕ್ರೈಸ್ತ ಅಭಿಪ್ರಾಯವನ್ನು ಎಂದು ಬೇಕಾದರೂ ಅಡಗಿಸಬಲ್ಲವು ಎಂದಿತು. ಪರಿಹಾರವಾಗಿ ಅದು ಕೇಳಿದ್ದು: ಮೊದಲ ತಿದ್ದುಪಡಿಯ ಅಳತೆಗೋಲನ್ನೇ ಕಂಪನಿಗಳೂ ಇಟ್ಟುಕೊಳ್ಳಲಿ. ಅಂದರೆ ಜುಲ್ಬರ್ 1950ರ ದಶಕದಲ್ಲಿ ಸಲಿಂಗಿಗಳ ಪತ್ರಿಕೆಗಾಗಿ ಎತ್ತಿದ್ದ ಅದೇ ಗುರಾಣಿಯನ್ನು ಈಗ ಬೋಧಕರು ಬೇಡುತ್ತಿದ್ದರು.

ಈ ಎರಡು ದಾರಿಗಳು ಕೊನೆಗೆ ಒಂದೇ ಕಟ್ಟೆಯ ಬಳಿ ಕೂಡಿದವು. ಯೂಟ್ಯೂಬ್‌ನಲ್ಲಿ ಮಕ್ಕಳಿಗೆ, ಶಾಲೆಗಳಿಗೆ ಎಂದು 'ನಿರ್ಬಂಧಿತ ಮೋಡ್' ಎಂಬ ಸೌಲಭ್ಯವಿದೆ. 2017ರ ಮಾರ್ಚ್‌ನಲ್ಲಿ ಅದು ಸಲಿಂಗಿಗಳ ಸಾಮಾನ್ಯ ವೀಡಿಯೊಗಳನ್ನೂ ಮರೆಮಾಡುತ್ತಿದೆ ಎಂದು ಗದ್ದಲವಾಯಿತು. ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಯೂಟ್ಯೂಬ್ ಒಪ್ಪಿಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಂಪ್ರದಾಯವಾದಿ ಭಾಷಣಕಾರ ಡೆನಿಸ್ ಪ್ರೇಗರ್ ಅವರ ಸಂಸ್ಥೆ ಯೂಟ್ಯೂಬ್‌ನ ಒಡೆಯ ಗೂಗಲ್ ಮೇಲೆ ಮೊಕದ್ದಮೆ ಹೂಡಿತು. ಅದರ ದೂರೂ ಅದೇ ಮೋಡ್‌ನ ಬಗ್ಗೆ: ಬೈಬಲ್‌ನ ಹತ್ತು ಆಜ್ಞೆಗಳ ಕುರಿತ ವೀಡಿಯೊ ಕೂಡ ಮರೆಯಾಗಿದೆ. 2019ರಲ್ಲಿ ಸಲಿಂಗಿ ವೀಡಿಯೊ ತಯಾರಕರ ಗುಂಪೊಂದು ಬೇರೆ ಮೊಕದ್ದಮೆ ಹೂಡಿತು. ಎರಡು ಕಡೆಯವರ ಪರವಾಗಿಯೂ ವಾದಿಸಿದ್ದು ಒಂದೇ ವಕೀಲರ ಕಚೇರಿ.

ಪ್ರೇಗರ್ ಪ್ರಕರಣ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. 'ವನ್' ಪತ್ರಿಕೆಯನ್ನು ಸೋಲಿಸಿದ್ದೂ ಅದೇ ನ್ಯಾಯಾಲಯ. 2020ರ ಫೆಬ್ರವರಿ 26ರ ಅದರ ತೀರ್ಪು: ಯೂಟ್ಯೂಬ್ ಎಷ್ಟೇ ದೊಡ್ಡದಾಗಿರಲಿ, ಅದು ಸರ್ಕಾರವಲ್ಲ, ಮೊದಲ ತಿದ್ದುಪಡಿ ಅದಕ್ಕೆ ಅಂಟುವುದಿಲ್ಲ. ಮರುವರ್ಷ ಜನವರಿಯಲ್ಲಿ ಜಿಲ್ಲಾ ನ್ಯಾಯಾಲಯ ಇದೇ ತೀರ್ಪನ್ನು ಮುಂದಿಟ್ಟು ಸಲಿಂಗಿಗಳ ಫಿರ್ಯಾದನ್ನೂ ತಳ್ಳಿತು. ಸಲಿಂಗಪ್ರೇಮದ ಬಗ್ಗೆ ತದ್ವಿರುದ್ಧ ನಿಲುವಿನ ಎರಡು ಪಕ್ಷಗಳಿಗೆ ಒಂದೇ ಕಾರಣಕ್ಕೆ, ಒಂದೇ ಮಾತಿನಲ್ಲಿ ಸೋಲು. 1954ರಲ್ಲಿ ಇದ್ದ ಓಲೆಸೆನ್ ಎಂಬ ಹೆಸರು, ಪುಟಸಂಖ್ಯೆಯ ಸಮೇತ ಆಕ್ಷೇಪ, ಕೇಳುವ ನ್ಯಾಯಾಲಯ — ಇಬ್ಬರಿಗೂ ಇವು ಯಾವುವೂ ಇರಲಿಲ್ಲ.

ನಮ್ಮ ಅಂಗಳಕ್ಕೆ ಬಂದ ತೀರ್ಪು

'ರೆನೊ' ತೀರ್ಪು ಕಡಲು ದಾಟಿ ನಮ್ಮಲ್ಲಿಗೂ ಬಂತು. 2015ರ ಮಾರ್ಚ್ 24ರಂದು ಭಾರತದ ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಮಾಡುವಾಗ ಆ ತೀರ್ಪನ್ನು ಉದ್ಧರಿಸಿತು. ಕಿರಿಕಿರಿ ತರುವ, ನೋವಾಗುವ ಸಂದೇಶ ಕಳಿಸುವುದೇ ಅಪರಾಧ ಎನ್ನುತ್ತಿದ್ದ ಆ ಕಲಮಿನ ಪದಗಳಿಗೂ ಅಳತೆ ಇರಲಿಲ್ಲ. ಎರಡು ವರ್ಷದ ಬಳಿಕ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಖಾಸಗಿತನದ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಲೈಂಗಿಕ ಒಲವೂ ಖಾಸಗಿತನದ ಭಾಗ ಎಂದಿತು. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮಿನ ಹಿಡಿತದಿಂದ ಸಲಿಂಗಿಗಳು ಬಿಡುಗಡೆಯಾಗಲು ಅದು ದಾರಿ ಮಾಡಿತು.

ಆದರೆ ಶ್ರೇಯಾ ಸಿಂಘಲ್ ತೀರ್ಪು ತಾಣಗಳನ್ನು ತಡೆಯುವ 69ಎ ಕಲಮನ್ನು ಉಳಿಸಿಕೊಂಡಿತು. ಸರ್ಕಾರ ತಡೆಗೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು, ಆ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂಬ ರಕ್ಷಣೆಗಳಿವೆ ಎಂಬುದು ಉಳಿಸಿಕೊಂಡದ್ದಕ್ಕೆ ಆಧಾರ. ಅದೇ ಕಲಮಿನಡಿ 2009ರಲ್ಲಿ ಮಾಡಿದ ನಿಯಮಗಳ 16ನೇ ನಿಯಮವೋ, ದೂರನ್ನೂ ಅದರ ಮೇಲಿನ ಕ್ರಮವನ್ನೂ ಗೋಪ್ಯವಾಗಿಡಬೇಕು ಎನ್ನುತ್ತದೆ. ಕಾಣದ ಕಾರಣವನ್ನು ಪ್ರಶ್ನಿಸುವುದು ಹೇಗೆ? ಈ ಜಗಳ ಬಂದು ನಿಂತದ್ದು ಬೆಂಗಳೂರಿನಲ್ಲಿ. 2022ರಲ್ಲಿ ಟ್ವಿಟರ್ ಕಂಪನಿ 39 ಕೊಂಡಿಗಳ ತಡೆಯನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿಗೆ ಹೋಯಿತು. ಬರೆದವರಿಗೆ ನೋಟಿಸು, ಕಾರಣ ಕೊಡಬೇಕು ಎಂಬುದು ಅದರ ವಾದಗಳಲ್ಲಿ ಒಂದು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ವಿಧಿಸಿದರು. 'ಎಕ್ಸ್' ಎಂದು ಹೆಸರು ಬದಲಿಸಿಕೊಂಡ ಅದೇ ಕಂಪನಿ ಬರಹ ತೆಗೆಯುವಂತೆ ಕಂಪನಿಗಳಿಗೆ ಸೂಚನೆ ಕಳಿಸುವ ಸರ್ಕಾರದ 'ಸಹಯೋಗ್' ಪೋರ್ಟಲ್ ವಿರುದ್ಧ ಸಲ್ಲಿಸಿದ ಅರ್ಜಿಯೂ 2025ರ ಸೆಪ್ಟೆಂಬರ್ 24ರಂದು ಅದೇ ಹೈಕೋರ್ಟಿನಲ್ಲಿ ವಜಾ ಆಯಿತು.

ಅಮೆರಿಕದಲ್ಲಿ ಕತ್ತರಿ ಸರ್ಕಾರದಿಂದ ಕಂಪನಿಯ ಕೈಗೆ ದಾಟಿತು. ನಮ್ಮಲ್ಲಿ ಇಬ್ಬರೂ ಒಂದೊಂದು ಹಿಡಿಕೆ ಹಿಡಿದಿದ್ದಾರೆ. ಇಂದು ಅದು ಯಾರ ಮಾತಿನ ಮೇಲೆ ಬೀಳುತ್ತಿದೆ ಎಂದು ನೋಡಿ ಖುಷಿಪಡುವವರು ನಾಳೆ ಅದೇ ಪಟ್ಟಿಯಲ್ಲಿ ತಮ್ಮ ಹೆಸರು ಕಾಣಬಹುದು. ವೈಲ್ಡ್‌ಮನ್ ಅವರ ಸಂಘಟನೆ ಕಂಡದ್ದು ಅದನ್ನೇ. ಏನನ್ನು ತಡೆಯಬೇಕು ಎಂಬ ಬಗ್ಗೆ ಪ್ರವಚನಕಾರರೂ ಬೆಂಗಳೂರಿನ ಪ್ರೈಡ್ ಮೆರವಣಿಗೆಯವರೂ ಎಂದಿಗೂ ಒಮ್ಮತಕ್ಕೆ ಬರಲಾರರು, ಬರಬೇಕಾಗಿಯೂ ಇಲ್ಲ. ತಡೆದವರು ತಮ್ಮ ಹೆಸರು ಹೇಳಲಿ, ಕಾರಣವನ್ನು ಬರೆದವರ ಕೈಗೆ ಕೊಡಲಿ, ಅದನ್ನು ಪ್ರಶ್ನಿಸಲು ಒಂದು ಜಾಗ ಇರಲಿ: ಈ ಮೂರನ್ನು ಮಾತ್ರ ಅವರಿಬ್ಬರೂ ಒಟ್ಟಿಗೆ ಕೇಳಬಹುದು. ಇಷ್ಟು ವರ್ಷಗಳ ಚರಿತ್ರೆಯಲ್ಲಿ ಇಬ್ಬರಿಗೂ ಸಮಾನವಾಗಿ ಕೈತಪ್ಪಿದ್ದು ಈ ಮೂರೇ.